ಮನೆ ಬಿಟ್ಟು ಬಂದವಳ ಎರಡನೆಯ ತಿಂಗಳು: ತುಮಕೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು,
ತುಮಕೂರು ಜಿಲ್ಲೆ, ತುಮಕೂರು.

ವಿಷಯ: ಕೌಟುಂಬಿಕ ಹಿಂಸೆಯಿಂದ ಹೊರಬಂದ ಮಹಿಳೆಯರಿಗೆ ಸುರಕ್ಷಿತವಾದ, ಸ್ಥಿರವಾದ ವಸತಿ ಒದಗಿಸುವ ಬಗ್ಗೆ.

ಮಾನ್ಯರೆ,

ನಾನು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಅಂಗನವಾಡಿ ಮೇಲ್ವಿಚಾರಕಿಯಾಗಿ ಈ ಜಿಲ್ಲೆಯ ಉತ್ತರ ಭಾಗದಲ್ಲಿ ಸೇವೆ ಸಲ್ಲಿಸಿ ನಿವೃತ್ತಳಾದವಳು. ಮಗುವಿನ ತೂಕ ಹಾಕಿಸಿ, ಪೌಷ್ಟಿಕ ಆಹಾರದ ಪೊಟ್ಟಣ ಪಡೆದ ಮೇಲೂ ಎದ್ದು ಹೋಗದೆ ಒಬ್ಬ ತಾಯಿ ಅಂಗನವಾಡಿಯ ಗೋಡೆಗೊರಗಿ ಕುಳಿತೇ ಇದ್ದರೆ, ಅವಳಿಗೆ ಹೇಳಿಕೊಳ್ಳಲು ಏನೋ ಇದೆ ಎಂಬುದು ನಮ್ಮ ಕಾರ್ಯಕರ್ತೆಯರಿಗೆ ತಿಳಿಯುತ್ತಿತ್ತು. ಠಾಣೆಗೂ ನ್ಯಾಯಾಲಯಕ್ಕೂ ಮೊದಲು ಆ ಮಾತು ಬರುತ್ತಿದ್ದುದು ಅಲ್ಲಿಗೆ. ಹಾಗೆ ಬಂದ ಮಾತುಗಳನ್ನು ಕೇಳಿ, ಹೇಳಿದವರಲ್ಲಿ ಕೆಲವರ ಜೊತೆ ಕಚೇರಿಯಿಂದ ಕಚೇರಿಗೆ ಅಲೆದು, ನಿವೃತ್ತಿಯ ನಂತರವೂ ಆ ಅಲೆದಾಟ ನಿಲ್ಲದಿರುವುದರಿಂದ ಕಣ್ಣಾರೆ ಕಂಡದ್ದನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಇಲ್ಲಿ ಕೇಳಿರುವ ಕೆಲಸ ಒಂದೇ ಇಲಾಖೆಯಿಂದ ಆಗುವಂಥದ್ದಲ್ಲ. ಮನೆ ಬಾಡಿಗೆಗೆ ಕೊಡುವವರು, ಗ್ರಾಮ ಪಂಚಾಯಿತಿ ಸದಸ್ಯರು, ಶಾಲೆಯ ಮುಖ್ಯೋಪಾಧ್ಯಾಯರು, ಠಾಣೆಯ ಸಿಬ್ಬಂದಿ ಇವರೂ ಓದಲಿ ಎಂದೇ ಇದನ್ನು ಬಹಿರಂಗವಾಗಿ ಬರೆದಿದ್ದೇನೆ.

ಹೊಡೆತ ತಾಳಲಾರದೆ ಗಂಡನ ಮನೆಯಿಂದ ಹೊರಬಂದ ಹೆಣ್ಣುಮಗಳಿಗೆ ಮೊದಲ ರಾತ್ರಿ ಎಲ್ಲೋ ಒಂದು ಕಡೆ ಜಾಗ ಸಿಗುತ್ತದೆ. ತವರಿನವರೋ, ನೆರೆಮನೆಯವರೋ, ಹಿಂಸೆಗೊಳಗಾದ ಮಹಿಳೆಯರಿಗಾಗಿ ಸರ್ಕಾರದಿಂದ ನಡೆಯುವ ಸಖಿ ನೆರವು ಕೇಂದ್ರದವರೋ ಒಳಗೆ ಕರೆದುಕೊಳ್ಳುತ್ತಾರೆ. ಅವಳ ಮುಂದಿನ ಬದುಕು ತೀರ್ಮಾನವಾಗುವುದು ಎರಡನೆಯ ತಿಂಗಳಲ್ಲಿ. ಅಷ್ಟು ಹೊತ್ತಿಗೆ ತವರಿನಲ್ಲಿ ಅತ್ತಿಗೆಯ ಮುಖ ಬದಲಾಗಿರುತ್ತದೆ, ಕೈಯಲ್ಲಿದ್ದ ಓಲೆ ಗಿರವಿಗೆ ಹೋಗಿರುತ್ತದೆ, ಮಗುವಿನ ಶಾಲೆ ತಪ್ಪಿರುತ್ತದೆ, ಊರಿನ ಹಿರಿಯರು ಎರಡು ಬಾರಿಯಾದರೂ ಪಂಚಾಯ್ತಿ ಸೇರಿರುತ್ತಾರೆ. ಆಗ ಅವಳು ಮರಳಿ ಅದೇ ಬಾಗಿಲಿಗೆ ಹೋಗುತ್ತಾಳೆ. ನಾನು ಬಲ್ಲ ಹೆಂಗಸರಲ್ಲಿ ಹೀಗೆ ಮರಳಿ ಹೋದವರ ಪೈಕಿ ಹೆಚ್ಚಿನವರಿಗೆ ಗಂಡ ಬದಲಾಗಿದ್ದಾನೆಂಬ ನಂಬಿಕೆ ಇರಲಿಲ್ಲ. ಮಕ್ಕಳನ್ನು ಕಟ್ಟಿಕೊಂಡು ಮಲಗಲು ಬೇರೊಂದು ಚಾವಣಿ ಇರಲಿಲ್ಲ, ಅಷ್ಟೆ. ಮರಳಿ ಹೋದ ಮೇಲೆ ಬೀಳುವ ಹೊಡೆತ ಮೊದಲಿನದಕ್ಕಿಂತ ಘೋರ, ಏಕೆಂದರೆ ಇವಳಿಗೆ ಹೋಗಲು ಎಲ್ಲಿಯೂ ಜಾಗವಿಲ್ಲ ಎಂಬುದು ಆ ಮನೆಯವರಿಗೂ ಈಗ ಖಾತ್ರಿಯಾಗಿರುತ್ತದೆ. ಜಿಲ್ಲಾಡಳಿತದಿಂದ ನನ್ನ ಕೋರಿಕೆಯೆಲ್ಲ ಈ ಎರಡನೆಯ ತಿಂಗಳಿಗೆ ಸಂಬಂಧಿಸಿದ್ದು.

ಇದು ಎಲ್ಲೋ ನಾಲ್ಕು ಮನೆಯ ಕಥೆಯೆಂದು ಯಾರೂ ತಳ್ಳಿಹಾಕುವಂತಿಲ್ಲ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷದೊಳಗಿನ, ಮದುವೆಯಾದ ಮಹಿಳೆಯರಲ್ಲಿ ಶೇಕಡಾ 44.4 ಮಂದಿ ಒಂದಲ್ಲ ಒಂದು ಸಲ ಗಂಡನಿಂದ ಹಿಂಸೆ ಅನುಭವಿಸಿದವರು. ಇಡೀ ದೇಶದ ಪ್ರಮಾಣ ಶೇಕಡಾ 29.3. ನಮ್ಮದೇ ರಾಜ್ಯದ ಹಿಂದಿನ ಸುತ್ತಿನ ಅಂಕಿ ಶೇಕಡಾ 20.6 ಇತ್ತು. ಏರಿಕೆಗೆ ಕಾರಣ ಹಿಂಸೆ ಹೆಚ್ಚಿದ್ದೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿದ್ದೋ ಎಂದು ತಜ್ಞರು ಚರ್ಚಿಸಲಿ. ಹೇಳಿಕೊಂಡವರಿಗೆ ನಾವು ಏನು ಕೊಟ್ಟೆವು ಎಂಬ ಪ್ರಶ್ನೆ ಎರಡೂ ಸಂದರ್ಭದಲ್ಲಿ ಉಳಿಯುತ್ತದೆ.

ಕಾನೂನಿನಲ್ಲಿ ಕೊರತೆಯಿಲ್ಲ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 17ನೇ ಕಲಂ ಪ್ರಕಾರ, ಮನೆ ಯಾರ ಹೆಸರಿನಲ್ಲೇ ಇರಲಿ, ಕುಟುಂಬವಾಗಿ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಹೆಣ್ಣಿಗಿದೆ. 19ನೇ ಕಲಂ ಅಡಿ ಮ್ಯಾಜಿಸ್ಟ್ರೇಟರು ಹೊಡೆಯುವ ಗಂಡನನ್ನೇ ಆ ಮನೆಯಿಂದ ಹೊರಹೋಗುವಂತೆ ಆದೇಶಿಸಬಹುದು, ಇಲ್ಲವೇ ಅದೇ ಮಟ್ಟದ ಬೇರೆ ಮನೆ ಮಾಡಿಕೊಡಲು ಅಥವಾ ಬಾಡಿಗೆ ಕಟ್ಟಲು ಹೇಳಬಹುದು. ಅತ್ತೆಮಾವನ ಹೆಸರಿನ ಮನೆಯಾದರೆ ಸೊಸೆಗೆ ಹಕ್ಕಿಲ್ಲ ಎಂದು ಹಳೆಯ ತೀರ್ಪೊಂದನ್ನು ತೋರಿಸಿ ಹೆದರಿಸುವವರು ಇನ್ನೂ ಇದ್ದಾರೆ. ಸುಪ್ರೀಂ ಕೋರ್ಟ್ 2020ರ ಅಕ್ಟೋಬರಿನಲ್ಲಿ ಸತೀಶ್ ಚಂದರ್ ಅಹುಜಾ ಪ್ರಕರಣದಲ್ಲಿ ಆ ತೀರ್ಪನ್ನು ತೆಗೆದುಹಾಕಿತು. 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ, ಅರ್ಜಿ ಹಾಕುವ ಹೊತ್ತಿಗೆ ಆಕೆ ಆ ಮನೆಯಲ್ಲಿ ವಾಸವಿಲ್ಲದಿದ್ದರೂ ಹಕ್ಕು ಹೋಗುವುದಿಲ್ಲ ಎಂದು ಹೇಳಿತು. ಅರ್ಜಿಯ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ ನಡೆಯಬೇಕು, ಅಲ್ಲಿಂದ ಅರವತ್ತು ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆಯ 12ನೇ ಕಲಂ ಹೇಳುತ್ತದೆ. ಇಷ್ಟೆಲ್ಲ ಇದ್ದೂ ನಮ್ಮ ಹಳ್ಳಿಯ ಹೆಣ್ಣುಮಗಳಿಗೆ ದಕ್ಕುವುದು ಠಾಣೆಯಲ್ಲಿ ಬರೆಸಿಕೊಂಡ ಒಂದು ಮುಚ್ಚಳಿಕೆ ಮತ್ತು "ಹೊಂದ್ಕೊಂಡು ಹೋಗಮ್ಮ, ಎಲ್ಲರ ಮನೇಲೂ ಇರೋದೇ" ಎಂಬ ಬುದ್ಧಿವಾದ.

ಏಕೆ ಹೀಗಾಗುತ್ತದೆ ಎಂದು ಒಳಗಿನಿಂದ ಕಂಡವಳಾಗಿ ಹೇಳುತ್ತೇನೆ. ಈ ಕಾಯ್ದೆಯ ಬೆನ್ನೆಲುಬು ರಕ್ಷಣಾಧಿಕಾರಿ. ಕೌಟುಂಬಿಕ ಘಟನಾ ವರದಿ ಬರೆಯುವುದು, ಅರ್ಜಿ ಸಲ್ಲಿಸಲು ನೆರವಾಗುವುದು, ಉಚಿತ ಕಾನೂನು ನೆರವು ಕೊಡಿಸುವುದು, ಆಕೆ ಕೇಳಿದರೆ ಆಶ್ರಯಕ್ಕೆ ಸೇರಿಸುವುದು, ವೈದ್ಯಕೀಯ ತಪಾಸಣೆ ಮಾಡಿಸುವುದು, ಎಲ್ಲವೂ ಅವರ ಕರ್ತವ್ಯ. ನಮ್ಮ ರಾಜ್ಯದಲ್ಲಿ ತಾಲ್ಲೂಕು ಮಟ್ಟದ ಈ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಮೇಲಿದೆ. ಅವರ ಮೇಜಿನ ಮೇಲೆ ಏನೇನಿರುತ್ತದೆ ಎಂಬುದು ನನಗೆ ಗೊತ್ತು: ತಾಲ್ಲೂಕಿನ ಅಷ್ಟೂ ಅಂಗನವಾಡಿಗಳು, ಮೊಟ್ಟೆ ಮತ್ತು ಆಹಾರ ಸಾಮಗ್ರಿಯ ಲೆಕ್ಕ, ಪೋಷಣ್ ಆ್ಯಪ್‌ನ ದಿನವಹಿ ದಾಖಲೆ, ಮಾತೃವಂದನಾ ಅರ್ಜಿಗಳು, ಬಾಡಿಗೆ ಕಟ್ಟಡಗಳ ಬಿಲ್ಲು, ಬಾಲ್ಯವಿವಾಹ ತಡೆ, ಚುನಾವಣೆ ಬಂದರೆ ಅದರ ಕೆಲಸ. ಇದರ ನಡುವೆ ಕಣ್ಣು ಊದಿಸಿಕೊಂಡು ಬಂದ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತರೆ ಆ ಅಧಿಕಾರಿ ಕರುಣೆ ಇಲ್ಲದವರೆಂದಲ್ಲ, ಅವರಿಗೆ ಆ ಹೊತ್ತಿಗೆ ಕೈ ಖಾಲಿ ಇರುವುದಿಲ್ಲ. "ನಾಳೆ ಬನ್ನಿ" ಎನ್ನುತ್ತಾರೆ. ನಾಳೆ ಬರಲು ಇವಳು ಈ ರಾತ್ರಿ ಎಲ್ಲಿರಬೇಕು ಎಂಬುದಕ್ಕೆ ಆ ಮಾತಿನಲ್ಲಿ ಉತ್ತರವಿಲ್ಲ. ಜಿಲ್ಲೆ ಮತ್ತು ತಾಲ್ಲೂಕು ಮಟ್ಟದಲ್ಲಿ ರಕ್ಷಣಾಧಿಕಾರಿಗಳನ್ನು ಗುರುತಿಸಿ ನೇಮಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ನಿರ್ದೇಶನ ಕೊಟ್ಟಿದೆ. ನಮ್ಮಲ್ಲಿ ಹೆಸರು ಮೊದಲೇ ಇದೆ. ಆ ಹೆಸರಿಗೆ ಸಮಯವನ್ನೂ ಒಬ್ಬ ಸಹಾಯಕರನ್ನೂ ವಾಹನವನ್ನೂ ಕೊಡುವುದು ಬಾಕಿ ಇದೆ.

ಇನ್ನು ದೂರದ ಮಾತು. ಸಖಿ ಒನ್ ಸ್ಟಾಪ್ ಸೆಂಟರ್ ಇರುವುದು ಜಿಲ್ಲಾ ಕೇಂದ್ರದಲ್ಲಿ. ಹತ್ತು ತಾಲ್ಲೂಕುಗಳ ಈ ಜಿಲ್ಲೆಯಲ್ಲಿ ಪಾವಗಡದ ಗಡಿಹಳ್ಳಿಯಿಂದ ತುಮಕೂರಿಗೆ ಬರಬೇಕಾದರೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಶಕ್ತಿ ಯೋಜನೆಯ ದೆಸೆಯಿಂದ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ಅದಕ್ಕೆ ಸರ್ಕಾರಕ್ಕೆ ನಾವು ಋಣಿಗಳು. ಆದರೆ ರಾತ್ರಿ ಹತ್ತಕ್ಕೆ ಹೊರದಬ್ಬಿಸಿಕೊಂಡವಳಿಗೆ ಬಸ್ಸೇ ಇರುವುದಿಲ್ಲ, ಆಧಾರ್ ಕಾರ್ಡು ಅತ್ತೆಯ ಟ್ರಂಕಿನಲ್ಲಿರುತ್ತದೆ. ಹೇಗೋ ಬಂದು ಮುಟ್ಟಿದರೂ ಸಖಿ ಕೇಂದ್ರದಲ್ಲಿ ತಾತ್ಕಾಲಿಕವಾಗಿ ಇರಲು ಅವಕಾಶ ಐದು ದಿನಕ್ಕೆ. ಐದು ದಿನದಲ್ಲಿ ಗಾಯದ ಹೊಲಿಗೆಯೂ ಒಣಗುವುದಿಲ್ಲ. ಅಲ್ಲಿಂದ ಮುಂದೆ, ಹಿಂದೆ ಸ್ವಾಧಾರ ಗೃಹವೆನ್ನುತ್ತಿದ್ದ, ಈಗ ಕೇಂದ್ರ ಸರ್ಕಾರದ ಮಿಷನ್ ಶಕ್ತಿ ಯೋಜನೆಯಡಿ ಶಕ್ತಿ ಸದನವೆಂದು ಕರೆಯುವ ಆಶ್ರಯಧಾಮಗಳಿಗೆ ಕಳುಹಿಸಬೇಕು. ಅಲ್ಲಿ ಜಾಗವಿರಬೇಕು, ಇದ್ದರೂ ಎಲ್ಲ ಮಕ್ಕಳಿಗೂ ಇರಬೇಕು.

ಈ ಮಕ್ಕಳ ವಿಷಯವನ್ನು ಸ್ವಲ್ಪ ನಿಧಾನಿಸಿ ಹೇಳಬೇಕಾಗಿದೆ. ಒಂದು ವಯಸ್ಸು ದಾಟಿದ ಗಂಡುಮಕ್ಕಳನ್ನು ಮಹಿಳೆಯರ ಆಶ್ರಯಧಾಮದಲ್ಲಿ ತಾಯಿಯ ಜೊತೆ ಇರಿಸಿಕೊಳ್ಳುವುದಿಲ್ಲ. ಅಲ್ಲಿರುವ ಇತರ ಹೆಣ್ಣುಮಕ್ಕಳ ನೆಮ್ಮದಿಗಾಗಿ ಮಾಡಿದ ನಿಯಮ ಅದು, ಅದರ ಉದ್ದೇಶವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಾನು ಬಲ್ಲ ಒಬ್ಬ ತಾಯಿಯ ಹಿರಿಯ ಮಗ ಎಂಟನೆಯ ತರಗತಿಯಲ್ಲಿದ್ದ. ಅಪ್ಪ ಕೈಯೆತ್ತಿದಾಗಲೆಲ್ಲ ನಡುವೆ ಬಂದು ನಿಂತು ಪೆಟ್ಟು ತಿನ್ನುತ್ತಿದ್ದವನು ಅವನೇ. ಮಗಳನ್ನು ಕರೆದುಕೊಂಡು ನೀನು ಒಳಗೆ ಬಾ, ಮಗನನ್ನು ಬಾಲಮಂದಿರಕ್ಕೆ ಕಳುಹಿಸೋಣ ಎಂದಾಗ ಆಕೆ, "ತಪ್ಪು ಮಾಡಿದ ಮಕ್ಕಳಿಗೆ ಇರೋ ಜಾಗಕ್ಕೆ ನನ್ನ ಮಗನ್ನ ಯಾಕೆ ಕಳಿಸ್ಲಿ ಮೇಡಂ" ಎಂದು ಕೇಳಿದಳು. ಬಾಲಮಂದಿರ ಅಂಥ ಜಾಗವಲ್ಲವೆಂದು ನಾನು ವಿವರಿಸಿ ಹೇಳಿದೆ, ಅವಳ ಮನಸ್ಸು ಒಪ್ಪಲಿಲ್ಲ. ಮೂವರೂ ಗಂಡನ ಊರಿಗೇ ಹಿಂದಿರುಗಿದರು. ಅಕ್ಕಪಕ್ಕದಲ್ಲಿ ಎರಡು ಕೋಣೆ, ಒಂದು ಅಡುಗೆಯ ಜಾಗ, ಬೀಗ ಹಾಕಿಕೊಳ್ಳಬಹುದಾದ ಒಂದು ಬಾಗಿಲು ಇದ್ದಿದ್ದರೆ ಆ ಕುಟುಂಬ ಒಡೆಯುತ್ತಲೂ ಇರಲಿಲ್ಲ, ಮರಳಿ ಹೋಗುತ್ತಲೂ ಇರಲಿಲ್ಲ. ಆಶ್ರಯವೆಂದರೆ ಸಾಲು ಮಂಚದ ದೊಡ್ಡ ಕೋಣೆಯೊಂದೇ ಎಂಬ ಕಲ್ಪನೆಯಿಂದ ನಾವು ಹೊರಬರಬೇಕಾಗಿದೆ.

ಮತ್ತೊಬ್ಬಳದು ಇದಕ್ಕಿಂತ ವಿಚಿತ್ರವಾದ ಸ್ಥಿತಿ. ಆಕೆಯ ಹೆಸರಿಗೇ ಮನೆಯಿದೆ. ಬಸವ ವಸತಿ ಯೋಜನೆಯಲ್ಲಿ ಫಲಾನುಭವಿಯಾಗಿ ಆಯ್ಕೆಯಾಗಿ, ತಳಪಾಯ, ಲಿಂಟಲ್, ಚಾವಣಿ ಎಂದು ಪ್ರತಿ ಹಂತದ ಬಿಲ್ಲಿಗೂ ಆ ಗೋಡೆಗಳ ಮುಂದೆ ನಿಂತು ಜಿಪಿಎಸ್ ಫೋಟೊ ತೆಗೆಸಿಕೊಂಡವಳು ಆಕೆ. ಸಾಲದ ಕಂತು ಕಟ್ಟಿದ್ದೂ ಆಕೆಯ ಸ್ವಸಹಾಯ ಸಂಘದಿಂದ. ಈಗ ಆ ಮನೆಯಲ್ಲಿ ಗಂಡ, ಅವನ ತಾಯಿ, ಅವನು ತಂದಿಟ್ಟುಕೊಂಡ ಇನ್ನೊಬ್ಬಳು ಇದ್ದಾರೆ. ಇವಳು ತಂಗಿಯ ಮನೆಯ ಜಗುಲಿಯಲ್ಲಿ ಮಲಗುತ್ತಾಳೆ. ಪಂಚಾಯಿತಿಯಲ್ಲಿ ಕೇಳಿದಾಗ ಬಂದ ಉತ್ತರ, ಅದು ಗಂಡ ಹೆಂಡತಿಯ ಜಗಳ, ನಮ್ಮದೇನೂ ಬರುವುದಿಲ್ಲ ಎಂಬುದು. ಠಾಣೆಯಲ್ಲಿ ಸಿಕ್ಕ ಉತ್ತರ, ಇದು ಸಿವಿಲ್ ವ್ಯಾಜ್ಯ ಎಂಬುದು. ಸರ್ಕಾರದ ಹಣದಿಂದ ಹೆಣ್ಣಿನ ಹೆಸರಿಗೆ ಕಟ್ಟಿದ ಮನೆಯಿಂದ ಆ ಹೆಣ್ಣನ್ನೇ ಹೊರದಬ್ಬಿದರೆ ಅದು ಸರ್ಕಾರಕ್ಕೆ ಸಂಬಂಧಿಸಿದ ವಿಷಯ ಹೇಗೆ ಆಗದು ಎಂದು ತಮ್ಮನ್ನು ವಿನಯದಿಂದ ಕೇಳುತ್ತೇನೆ. ಆಕೆ ಕೋರಿದ ಕೂಡಲೇ ಹಕ್ಕುಪತ್ರದ ದೃಢೀಕೃತ ನಕಲು ಮತ್ತು ಇ-ಸ್ವತ್ತಿನ ನಮೂನೆಗಳನ್ನು ಕೊಡುವುದು, ಆಕೆಯ ಗೈರಿನಲ್ಲಿ ಖಾತೆ ಬದಲಾವಣೆಗೆ ಅವಕಾಶ ಕೊಡದಿರುವುದು, ಅಷ್ಟನ್ನು ಪಂಚಾಯಿತಿ ಮಾಡಬಹುದು. ಆ ದಾಖಲೆಗಳ ಬಲದಿಂದ ರಕ್ಷಣಾಧಿಕಾರಿಯವರು 19ನೇ ಕಲಂ ಅಡಿ ವಾಸದ ಆದೇಶ ಕೇಳಬಹುದು. ಆದೇಶ ಜಾರಿಗೆ ತರಲು ಠಾಣಾಧಿಕಾರಿಗೆ ನಿರ್ದೇಶನ ಕೊಡುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗಿದೆ. ಜಿಲ್ಲೆಯಲ್ಲಿ ಇಂಥ ಮನೆಗಳು ಎಷ್ಟಿವೆ ಎಂದು ಜಿಲ್ಲಾ ಪಂಚಾಯಿತಿಯ ಜೊತೆ ಸೇರಿ ಒಮ್ಮೆ ಪಟ್ಟಿ ಮಾಡಿಸಿದರೆ, ಹೊಸದಾಗಿ ಒಂದು ಇಟ್ಟಿಗೆಯನ್ನೂ ಇಡದೆ ಕೆಲವು ಹೆಣ್ಣುಮಕ್ಕಳಿಗಾದರೂ ಅವರವರ ಮನೆ ಮರಳಿ ಸಿಗುತ್ತದೆ.

ನಮ್ಮ ಉತ್ತರದ ತಾಲ್ಲೂಕುಗಳಿಗೆ ಇನ್ನೊಂದು ತೊಡಕಿದೆ. ಪಾವಗಡ, ಮಧುಗಿರಿ ಕಡೆಯವರು ಮಡಕಶಿರಾ, ಹಿಂದೂಪುರದ ಕಡೆ ಹೆಣ್ಣು ಕೊಡುವುದೂ ತರುವುದೂ ಹಿಂದಿನಿಂದ ನಡೆದು ಬಂದದ್ದು. ಹಾಗೆ ಗಡಿಯಾಚೆ ಮದುವೆಯಾದ ಮಗಳು ಹೊಡೆತ ತಿಂದು ತವರಿಗೆ ಬಂದು ದೂರು ಕೊಡಲು ಹೋದರೆ, ಘಟನೆ ಆಂಧ್ರದಲ್ಲಿ ನಡೆದಿದೆ, ಅಲ್ಲಿಗೇ ಹೋಗಿ ಎಂದು ಕಳುಹಿಸಿದ್ದನ್ನು ನಾನು ಪಕ್ಕದಲ್ಲಿ ನಿಂತು ನೋಡಿದ್ದೇನೆ. ಕಾಯ್ದೆಯ 27ನೇ ಕಲಂ ಪ್ರಕಾರ ಆಕೆ ತಾತ್ಕಾಲಿಕವಾಗಿ ವಾಸವಿರುವ ಊರಿನ ಮ್ಯಾಜಿಸ್ಟ್ರೇಟರ ಮುಂದೆಯೇ ಅರ್ಜಿ ಹಾಕಬಹುದು, ಅಲ್ಲಿ ಸಿಕ್ಕ ಆದೇಶ ಇಡೀ ದೇಶದಲ್ಲಿ ಜಾರಿಯಾಗುತ್ತದೆ. ಅಪರಾಧದ ದೂರನ್ನೂ ವ್ಯಾಪ್ತಿ ನೋಡದೆ ದಾಖಲಿಸಿಕೊಂಡು ಅನಂತರ ವರ್ಗಾಯಿಸಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಹೊಡೆದವನ ಊರಿಗೇ ಹೋಗಿ ದೂರು ಕೊಡು ಎಂದು ಹೆಣ್ಣಿಗೆ ಹೇಳುವುದು ಎಷ್ಟು ಅಪಾಯದ ಮಾತು ಎಂಬುದನ್ನು ಗಡಿಭಾಗದ ಪ್ರತಿ ಠಾಣೆಗೂ ಪೊಲೀಸ್ ವರಿಷ್ಠಾಧಿಕಾರಿಗಳ ಮೂಲಕ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ತವರೂ ಇಲ್ಲ, ಆಶ್ರಯಧಾಮವೂ ಬೇಡ, ದುಡಿದು ತಿನ್ನುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿದವರು ತುಮಕೂರಿಗೆ ಬಂದು ಗಾರ್ಮೆಂಟ್ಸ್ ಸೇರುತ್ತಾರೆ, ಇಲ್ಲವೇ ಹಿರೇಹಳ್ಳಿ, ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪ್ಯಾಕಿಂಗ್ ಕೆಲಸ ಹಿಡಿಯುತ್ತಾರೆ. ಇವರ ಧೈರ್ಯವನ್ನು ಎಷ್ಟು ಹೊಗಳಿದರೂ ಕಡಿಮೆ. ಇವರಿಗೆ ಎದುರಾಗುವುದು ಬಾಡಿಗೆ ಮನೆಯ ಬಾಗಿಲು. ಮನೆಯವರ ಮೊದಲ ಪ್ರಶ್ನೆ, "ಯಜಮಾನ್ರು ಏನ್ಮಾಡ್ತಾರಮ್ಮ?" ಇಲ್ಲ ಎಂದರೆ ಮನೆ ಇಲ್ಲ. ಗಂಡ ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾನೆಂದು ಸುಳ್ಳು ಹೇಳಿ ಮನೆ ಹಿಡಿದವರನ್ನು ನಾನು ಬಲ್ಲೆ. ಹಲವು ತಿಂಗಳ ಬಾಡಿಗೆಯಷ್ಟು ಅಡ್ವಾನ್ಸ್ ಹೊಂದಿಸಲು ಬಡ್ಡಿಗೆ ಸಾಲ ಮಾಡಿದವರನ್ನೂ ಬಲ್ಲೆ. ಇಷ್ಟಾಗಿ ನೆಲೆ ನಿಂತ ಒಬ್ಬಳ ವಿಳಾಸ ಹೇಗೋ ಗಂಡನಿಗೆ ತಿಳಿದು, ಅವನು ಕುಡಿದು ಬಂದು ಬೀದಿಯಲ್ಲಿ ನಿಂತು ಕೂಗಾಡಿದ. ಮಾರನೆಯ ದಿನವೇ ಮನೆಯೊಡತಿ ಮನೆ ಖಾಲಿ ಮಾಡಲು ಹೇಳಿದರು. ಆಕೆ ಕೆಟ್ಟವರಲ್ಲ, ಅಕ್ಕಿ ಬೇಳೆ ಕೊಟ್ಟು ನೋಡಿಕೊಂಡವರು. ವಯಸ್ಸಾದ ತಮ್ಮಿಬ್ಬರೇ ಇರುವ ಮನೆಯ ಮುಂದೆ ಪ್ರತಿ ವಾರ ಇಂಥ ಗಲಾಟೆ ಆದರೆ ತಡೆಯುವವರು ಯಾರು ಎಂದು ಹೆದರಿದರು. ಅವರ ಹೆದರಿಕೆಗೆ ಉತ್ತರ ಕೊಡಬೇಕಾದದ್ದು ಆಡಳಿತ. ಬೀಟ್ ಪೊಲೀಸರು ಆ ಬೀದಿಗೆ ಎರಡು ಬಾರಿ ಬಂದು, ಮನೆಯವರ ಹತ್ತಿರ ಮಾತಾಡಿ, 112ಕ್ಕೆ ಕರೆ ಮಾಡಿದರೆ ಬರುತ್ತೇವೆಂದು ಭರವಸೆ ಕೊಟ್ಟಿದ್ದರೆ ಆಕೆಗೆ ಆ ಕೋಣೆ ಉಳಿಯುತ್ತಿತ್ತು. ರಕ್ಷಣಾ ಆದೇಶ ಇದ್ದೂ ಹೀಗೆ ಬಂದು ಕಾಡುವುದು 31ನೇ ಕಲಂ ಪ್ರಕಾರ ಒಂದು ವರ್ಷದವರೆಗಿನ ಜೈಲು, ಇಪ್ಪತ್ತು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡಕ್ಕೂ ಗುರಿಮಾಡುವ ಅಪರಾಧ. ಆ ಕಲಂ ಬಳಕೆಯಾಗಿದ್ದನ್ನು ನನ್ನ ಸೇವಾವಧಿಯಲ್ಲಿ ನಾನು ಕಾಣಲಿಲ್ಲ.

ಮನೆ ಎಂದರೆ ಗೋಡೆಯಷ್ಟೇ ಆಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ರೇಷನ್ ಕಾರ್ಡಿನಲ್ಲಿ ಇವಳ ಹೆಸರು ಗಂಡನ ಮನೆಯ ಚೀಟಿಯಲ್ಲೇ ಇರುತ್ತದೆ. ಅಲ್ಲಿಂದ ತೆಗೆಸದೆ ಬೇರೆಡೆ ಸೇರಿಸಲಾಗದು, ತೆಗೆಸಲು ಆ ಮನೆಯವರು ಸಹಕರಿಸುವುದಿಲ್ಲ. ಇವಳ ಪಾಲಿನ ಅಕ್ಕಿ ಅಲ್ಲಿ ಬೇಯುತ್ತದೆ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ಚೀಟಿಯಲ್ಲಿ ಯಜಮಾನಿ ಎಂದಿರುವ ಅತ್ತೆಗೆ ಹೋಗುತ್ತದೆ, ಎರಡು ಮಕ್ಕಳನ್ನು ಒಬ್ಬಳೇ ಸಾಕುತ್ತಿರುವ ಇವಳಿಗೆ ಇಲ್ಲ. ಒಂಟಿ ಮಹಿಳೆಯರಿಗೆಂದು ಮನಸ್ವಿನಿ ಮಾಸಾಶನವಿದೆ, ಅದಕ್ಕೆ ನಲವತ್ತು ವರ್ಷ ತುಂಬಿರಬೇಕು. ಹೊಡೆತ ತಿಂದು ಹೊರಬರುವವರಲ್ಲಿ ಬಹಳ ಮಂದಿ ಇಪ್ಪತ್ತರ ಆಸುಪಾಸಿನವರು. ಮಕ್ಕಳ ಶಾಲೆಗೆ ಹೋದರೆ ವರ್ಗಾವಣೆ ಪತ್ರ ತನ್ನಿ ಎನ್ನುತ್ತಾರೆ. ಅಪ್ಪ ಸಹಿ ಹಾಕದೆ ಕೊಡುವುದಿಲ್ಲ ಎಂದು ಹಳೆಯ ಶಾಲೆಯವರು, ಅದಿಲ್ಲದೆ ಸೇರಿಸುವುದಿಲ್ಲ ಎಂದು ಹೊಸ ಶಾಲೆಯವರು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಸ್ಪಷ್ಟವಾಗಿ ಹೇಳಿದೆ. ಮೂರು ಇಲಾಖೆಗೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಪುರಾವೆ, ಪ್ರತಿ ಕಿಟಕಿಯಲ್ಲೂ ತನ್ನ ಮೈಮೇಲಿನ ಬಾಸುಂಡೆಯ ಕಥೆಯನ್ನು ಮೊದಲಿನಿಂದ ಹೇಳಬೇಕಾದ ಅವಮಾನ. ಈ ಅವಮಾನವನ್ನು ನಿವಾರಿಸಲು ಹಣ ಬೇಕಾಗಿಲ್ಲ.

ಆದ್ದರಿಂದ ನನ್ನ ಕೋರಿಕೆಗಳನ್ನು ಹೇಳುತ್ತೇನೆ. ಎಲ್ಲಕ್ಕಿಂತ ಮುಖ್ಯವಾದುದು ವಸತಿ. ತುಮಕೂರು, ತಿಪಟೂರು, ಮಧುಗಿರಿ ಈ ಮೂರೂ ಉಪವಿಭಾಗ ಕೇಂದ್ರಗಳಲ್ಲಿ ಖಾಲಿ ಬಿದ್ದಿರುವ ಸರ್ಕಾರಿ ವಸತಿಗೃಹಗಳು ಇದ್ದರೆ ಅವುಗಳಲ್ಲಿ ಕೆಲವನ್ನು ದುರಸ್ತಿ ಮಾಡಿಸಿ, ತಾಯಿ ಮತ್ತು ಎಲ್ಲ ವಯಸ್ಸಿನ ಮಕ್ಕಳು ಒಟ್ಟಿಗೆ ಕನಿಷ್ಠ ಒಂದು ವರ್ಷ ಇರಬಹುದಾದ ಪ್ರತ್ಯೇಕ ಮನೆಗಳನ್ನಾಗಿ ಮೀಸಲಿಡಬೇಕು. ಅಡುಗೆ ಅವರೇ ಮಾಡಿಕೊಳ್ಳಲಿ, ಕೆಲಸಕ್ಕೆ ಹೋಗಿಬರಲಿ, ಬೀಗದ ಕೈ ಅವರ ಹತ್ತಿರವೇ ಇರಲಿ. ವಿಳಾಸ ಗೋಪ್ಯವಾಗಿರಬೇಕು. ದುರಸ್ತಿಗೆ ಮತ್ತು ಹೊರಗೆ ಮನೆ ಹಿಡಿಯುವವರ ಅಡ್ವಾನ್ಸಿಗೆ ಒಂದು ಸುತ್ತುನಿಧಿ (ರಿವಾಲ್ವಿಂಗ್ ಫಂಡ್) ಮಾಡಬಹುದು. ಕಂಪನಿ ಕಾಯ್ದೆಯ 135ನೇ ಕಲಂ ಅಡಿ ಲಾಭದ ಶೇಕಡಾ ಎರಡರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವಿನಿಯೋಗಿಸಬೇಕಾದ ಉದ್ದಿಮೆಗಳು ವಸಂತನರಸಾಪುರದಲ್ಲಿದ್ದರೆ, ತಾವು ಕರೆದು ಕೇಳಿದಾಗ ಅವು ಇಲ್ಲವೆನ್ನಲಾರವು. ತಮ್ಮದೇ ಕಾರ್ಖಾನೆಯ ಹೆಣ್ಣುಮಕ್ಕಳಿಗಾಗಿ ಅಲ್ಲವೇ ಅವು ಕೊಡಬೇಕಾಗಿರುವುದು.

ಶಾಶ್ವತ ಮನೆಯ ವಿಷಯದಲ್ಲಿ ಒಂದು ದಾರಿ ಆಗಲೇ ತಮ್ಮ ಕೈಯಲ್ಲಿದೆ. ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ದೇವರಾಜ ಅರಸು ವಸತಿ ಯೋಜನೆ ವಿಶೇಷ ವರ್ಗದವರಿಗಾಗಿ ಇರುವಂಥದ್ದು. ವಿಧವೆಯರು, ಅಂಗವಿಕಲರು, ಮಾಜಿ ದೇವದಾಸಿಯರು, ಜೀತವಿಮುಕ್ತರು, ಲಿಂಗತ್ವ ಅಲ್ಪಸಂಖ್ಯಾತರು ಮೊದಲಾದವರನ್ನು ಗ್ರಾಮಸಭೆಯ ಪಟ್ಟಿಗೆ ಕಾಯದೆ ಜಿಲ್ಲಾ ಮಟ್ಟದಲ್ಲಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಗುರುತಿಸಲಾಗುತ್ತದೆ. ಮನೆ ಬಿಟ್ಟು ಬಂದ ಹೆಣ್ಣಿಗೆ ಗ್ರಾಮಸಭೆಯಲ್ಲಿ ಹೆಸರು ಬರುವುದು ಕಷ್ಟ. ಗಂಡನ ಊರಿನವರು ಇವಳು ಇಲ್ಲಿಲ್ಲ ಎನ್ನುತ್ತಾರೆ, ತವರಿನವರು ಕೊಟ್ಟ ಹೆಣ್ಣು ಇಲ್ಲಿಯವಳಲ್ಲ ಎನ್ನುತ್ತಾರೆ. ಘಟನಾ ವರದಿ ಅಥವಾ ನ್ಯಾಯಾಲಯದ ಆದೇಶ ಇರುವ ಮಹಿಳೆಯರನ್ನು ಈ ವಿಶೇಷ ವರ್ಗದಲ್ಲಿ ಪರಿಗಣಿಸಲು ತಾವು ಸರ್ಕಾರಕ್ಕೆ ಪ್ರಸ್ತಾವನೆ ಕಳುಹಿಸಬೇಕು. ವಿಚ್ಛೇದನದ ತೀರ್ಪು ಬೇಕೆಂಬ ಷರತ್ತು ಮಾತ್ರ ಬೇಡ, ಅದು ಬರುವಷ್ಟರಲ್ಲಿ ಮಕ್ಕಳು ದೊಡ್ಡವರಾಗಿರುತ್ತಾರೆ.

ರಕ್ಷಣಾಧಿಕಾರಿಗಳಿಗೆ ಪ್ರತಿ ತಾಲ್ಲೂಕಿನಲ್ಲೂ ಈ ಒಂದೇ ಕೆಲಸಕ್ಕೆ ಮೀಸಲಾದ ಒಬ್ಬ ಸಹಾಯಕಿಯನ್ನು ಕೊಡಿ. ಅವರು ಸಹಿ ಮಾಡಿದ ಒಂದೇ ಒಂದು ಪತ್ರ ಆಹಾರ ಇಲಾಖೆ, ಶಿಕ್ಷಣ ಇಲಾಖೆ, ವಿದ್ಯಾರ್ಥಿ ನಿಲಯ, ಬ್ಯಾಂಕು ಎಲ್ಲ ಕಡೆಯೂ ಸಾಕೆಂದು ತಾವು ಸುತ್ತೋಲೆ ಹೊರಡಿಸಿದರೆ, ಹೆಣ್ಣುಮಕ್ಕಳು ಕಥೆ ಹೇಳುತ್ತ ತಿರುಗುವುದು ತಪ್ಪುತ್ತದೆ. ನ್ಯಾಯಾಲಯದ ಕೆಲಸದಲ್ಲಿ ಆಡಳಿತ ಕೈಹಾಕಲಾಗದು ಎಂಬುದನ್ನು ಬಲ್ಲೆ. ಆದರೆ ಹೆಣ್ಣುಮಕ್ಕಳ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಜೊತೆ ಕುಳಿತು, ಮೊದಲ ದಿನವೇ 23ನೇ ಕಲಂ ಅಡಿ ಮಧ್ಯಂತರ ವಾಸದ ಆದೇಶ ಕೇಳುವ ಅರ್ಜಿಯನ್ನೂ ಸೇರಿಸಿ ಸಲ್ಲಿಸುವ ಪದ್ಧತಿಯನ್ನು ಜಾರಿಗೆ ತರಬಹುದು. ಬಹಳಷ್ಟು ಅರ್ಜಿಗಳಲ್ಲಿ ಜೀವನಾಂಶ ಕೇಳಿರುತ್ತಾರೆ, ಮನೆಯನ್ನು ಕೇಳಿಯೇ ಇರುವುದಿಲ್ಲ.

ಆಪ್ತ ಸಮಾಲೋಚನೆಯ ಹೆಸರಿನಲ್ಲಿ ನಡೆಯುವ ರಾಜಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಆಕೆ ಕೇಳದಿದ್ದರೂ ಗಂಡನನ್ನು ಕರೆಸಿ ಎದುರುಬದುರು ಕೂರಿಸಿ, ಅವನು ಎಲ್ಲರ ಮುಂದೆ ತಲೆ ತಗ್ಗಿಸಿ ಒಪ್ಪಿಕೊಂಡ ಕೂಡಲೇ ಪ್ರಕರಣ ಇತ್ಯರ್ಥವಾಯಿತೆಂದು ಬರೆದುಕೊಳ್ಳುವುದು ನಡೆಯುತ್ತಿದೆ. ಆಶ್ರಯದಲ್ಲಿರುವ ಹೆಣ್ಣಿನ ಮೇಲೆ ಹೀಗೆ ಒತ್ತಡ ತರುವುದನ್ನು ನಿಲ್ಲಿಸಬೇಕು. ರಾಜಿಯಾಗಿ ಹೋದವಳನ್ನು ಒಂದು ತಿಂಗಳಿಗೆ, ಆರು ತಿಂಗಳಿಗೆ ಯಾರಾದರೂ ಹೋಗಿ ನೋಡಿದ್ದಾರೆಯೇ ಎಂಬ ಕಾಲಂ ನಮ್ಮ ಯಾವ ನಮೂನೆಯಲ್ಲೂ ಇರಲಿಲ್ಲ. ಎಷ್ಟು ಪ್ರಕರಣ ಇತ್ಯರ್ಥವಾಯಿತು ಎಂಬ ಲೆಕ್ಕದ ಪಕ್ಕದಲ್ಲಿ, ಅವರಲ್ಲಿ ಎಷ್ಟು ಮಂದಿ ಇಂದು ಎಲ್ಲಿ ವಾಸವಿದ್ದಾರೆ, ಸುರಕ್ಷಿತವಾಗಿದ್ದಾರೆಯೇ ಎಂಬ ಲೆಕ್ಕವನ್ನೂ ಕೇಳುವ ಅಧಿಕಾರ, ಸಖಿ ಕೇಂದ್ರದ ನಿರ್ವಹಣಾ ಸಮಿತಿಯ ಅಧ್ಯಕ್ಷರಾದ ತಮಗಿದೆ. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಆಶಾ ಕಾರ್ಯಕರ್ತೆಯರು ಪ್ರತಿ ಮನೆಗೂ ಹೋಗುವವರು, ನೋಡಿ ಬರಲು ಅವರಿಗಿಂತ ತಕ್ಕವರಿಲ್ಲ. ಅದನ್ನು ಇನ್ನೊಂದು ಹೊರೆಯಾಗಿ ಅವರ ತಲೆಯ ಮೇಲೆ ಹಾಕದೆ, ಅದಕ್ಕೊಂದು ಸಂಭಾವನೆ ನಿಗದಿಪಡಿಸಿ ಎಂದು ಅವರ ಪರವಾಗಿಯೂ ಕೇಳಿಕೊಳ್ಳುತ್ತೇನೆ.

ಇಲ್ಲಿ ಹೇಳಿದ ಹೆಣ್ಣುಮಕ್ಕಳ ಹೆಸರು, ಊರು, ಠಾಣೆ, ಪಂಚಾಯಿತಿ ಯಾವುದನ್ನೂ ಬಹಿರಂಗವಾಗಿ ಬರೆದಿಲ್ಲ, ಅವರ ಜೀವಕ್ಕೆ ಅಪಾಯವಾಗಬಾರದೆಂದು. ತಾವು ಸಮಯ ಕೊಟ್ಟರೆ, ಒಪ್ಪಿಗೆ ನೀಡಿದವರ ವಿವರಗಳನ್ನು ಮುಚ್ಚಿದ ಲಕೋಟೆಯಲ್ಲಿ ತಂದು ಕೊಡುತ್ತೇನೆ. ಮುಂದಿನ ಸಮಿತಿ ಸಭೆಯ ಕಾರ್ಯಸೂಚಿಯಲ್ಲಿ ವಸತಿಯ ಈ ವಿಷಯವನ್ನು ಸೇರಿಸಬೇಕು, ಇಂಥ ಪರಿಸ್ಥಿತಿಯಿಂದ ಹೊರಬಂದು ಇಂದು ಸ್ವಂತ ಕಾಲ ಮೇಲೆ ನಿಂತಿರುವ ಇಬ್ಬರು ಮಹಿಳೆಯರನ್ನಾದರೂ ಅವರು ಒಪ್ಪಿದರೆ ಆ ಸಭೆಗೆ ಆಹ್ವಾನಿಸಬೇಕು, ಮತ್ತು ಮೇಲಿನ ಕೋರಿಕೆಗಳಲ್ಲಿ ಯಾವುದು ಸಾಧ್ಯ, ಯಾವುದಕ್ಕೆ ಸರ್ಕಾರದ ಅನುಮತಿ ಬೇಕು ಎಂಬುದನ್ನು ಸಾರ್ವಜನಿಕವಾಗಿ ತಿಳಿಸಬೇಕು ಎಂದು ಪ್ರಾರ್ಥಿಸುತ್ತೇನೆ.

ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ಮಧುಗಿರಿ ಉಪವಿಭಾಗ, ತುಮಕೂರು ಜಿಲ್ಲೆ